ಸಾಬೂನಿನ ನವಿಲು

“ಗುರುಗಳೇ, ತಪ್ಪನ್ನು ಬಾಯಿಬಿಟ್ಟೇ ಒಪ್ಪಿಕೊಳ್ಳಬೇಕೇ? ಕೈಯಿಂದ ಮಾಡಿ ತೋರಿಸಿದರೆ ಸಾಲದೇ?” ಎಂದು ಮಠದ ಶಿಷ್ಯ ಗುರುಪಾದ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದ ತುಪ್ಪ ಕಡಿಮೆಯಾದಾಗ ಅವನು ಪ್ರಸಾದದ ಪಂಕ್ತಿಯಲ್ಲಿ, ಎಲ್ಲರೆದುರು, ಅಡುಗೆಯ ನಿಂಗಜ್ಜನೇ ತಿಂದಿದ್ದಾನೆ ಎಂದಿದ್ದ. ಆಮೇಲೆ ನೋಡಿದರೆ ಗಡಿಗೆ ಬಿರುಕುಬಿಟ್ಟು ಸೋರುತ್ತಿತ್ತು. ಅಂದಿನಿಂದ ಗುರುಪಾದ ನಿಂಗಜ್ಜನಿಗೆ ದಿನಾ ಸೌದೆ ಒಡೆದುಕೊಡುತ್ತಿದ್ದ, ನೀರು ಹೊತ್ತು ಹಾಕುತ್ತಿದ್ದ. ಆ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ನಿಂಗಜ್ಜನೂ ಅಂದಿನಿಂದ ಪಂಕ್ತಿಗೆ ಬಡಿಸಲು ಹೊರಗೆ ಬಂದಿರಲಿಲ್ಲ.

ಗುರುಗಳಿಗೆ ಎಲ್ಲವೂ ಗೊತ್ತಿತ್ತು. “ಕೂತುಕೋ” ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸಾಬೂನು ಮಾಡುವ ಒಬ್ಬ ಹೆಂಗಸು ಇದ್ದಳು. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಹೊಯ್ಯುತ್ತಾರಲ್ಲ, ಅದೇ ಮರದ ಅಚ್ಚುಗಳಲ್ಲಿ ಅವಳು ಸಾಬೂನು ಹೊಯ್ಯುತ್ತಿದ್ದಳು. ಆನೆ, ಕಮಲ, ನವಿಲು. ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಜನ ಅವನ್ನು ಕೊಂಡು ಬೀಗರಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ ಉಡುಗೊರೆ ಕಳಿಸುತ್ತಿದ್ದರು. ಸಕ್ಕರೆಯೆಂದು ನೆಕ್ಕಿ ಮಕ್ಕಳು ಮುಖ ಕಿವಿಚುವುದೂ ಪ್ರತಿವರ್ಷ ಇದ್ದದ್ದೇ.

ಅವಳಿಗೆ ಒಬ್ಬಳೇ ತಂಗಿ. ಹತ್ತಿರದ ಊರಿಗೇ ಕೊಟ್ಟಿದ್ದರು. ತಾಯಿ ಸಾಯುವಾಗ ಬಿಟ್ಟುಹೋದ ಕೆಂಪು ಹರಳಿನ ಮೂಗುತಿ ಅಕ್ಕನ ಬಳಿ ಇತ್ತು. ಒಮ್ಮೆ ತಂಗಿ ಬಂದ ದಿನವೇ ಅದು ಕಾಣೆಯಾಯಿತು. ಅಕ್ಕ ಹಿಂದುಮುಂದು ನೋಡದೆ, ನೆರೆಹೊರೆಯವರ ಮುಂದೆ, “ನೀನ ಕದ್ದೀಯಲ್ಲ ಕಳ್ಳಿ!” ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಎದ್ದು ಹೋದಳು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಮರುವರ್ಷ ಹಬ್ಬಕ್ಕೆ ಎರಡು ತಿಂಗಳಿರುವಾಗ ಅಕ್ಕ ಹರಳೆಣ್ಣೆಯ ದೊಡ್ಡ ಡಬ್ಬಿಯನ್ನು ತಳದವರೆಗೂ ಬಗ್ಗಿಸಿ ಸೋಸಿದಳು. ಜರಡಿಯಲ್ಲಿ ಟಣ್ಣೆಂದಿತು. ನೋಡಿದರೆ ಕೆಂಪು ಹರಳು. ಮೇಲಿನ ಗೂಡಿನಿಂದ ಬಾಯಿ ತೆರೆದ ಡಬ್ಬಿಗೆ ಬಿದ್ದ ಮೂಗುತಿ ವರ್ಷವಿಡೀ ಎಣ್ಣೆಯ ತಳದಲ್ಲೇ ಕೂತಿತ್ತು.

ಆಗಲೇ ಸೆರಗು ಹೊದ್ದು ಹೊರಟಿದ್ದರೆ ಹೇಳುವುದಕ್ಕೆ ಕತೆಯೇ ಇರುತ್ತಿರಲಿಲ್ಲ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ತಪ್ಪೊಪ್ಪುವ ಹೊತ್ತಿಗೆ ಮಾತ್ರ ಎಲ್ಲಿಂದಲೋ ಬಂದುಬಿಡುತ್ತದೆ. ಅಕ್ಕ ಮೂರು ಸಲ ಹೊರಟಳು, ಮೂರು ಸಲವೂ ಬಾವಿಕಟ್ಟೆಯಿಂದ ಹಿಂದಿರುಗಿದಳು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಮೂಗುತಿಯನ್ನು ಸಾಬೂನಿನೊಳಗಿಟ್ಟು ಕಳಿಸುವುದು. ಹಬ್ಬದ ಬೆಳಿಗ್ಗೆ ತಂಗಿ ಮೈಗೆ ಹಚ್ಚಿಕೊಳ್ಳುತ್ತಾಳೆ, ಸಾಬೂನು ಸವೆದು ಹರಳು ಬೆರಳಿಗೆ ತಾಕುತ್ತದೆ, ಅವಳಿಗೆ ಎಲ್ಲ ತಿಳಿಯುತ್ತದೆ. ಹೇಳುವ ಕಷ್ಟವಿಲ್ಲದೆ ಹೇಳಿದ ಹಾಗಾಗುತ್ತದೆ. ಅದಕ್ಕೇ ಅದನ್ನು ಆಳದಲ್ಲಿ ಹುಗಿಯಲಿಲ್ಲ. ನವಿಲಿನ ಬೆನ್ನಿನಲ್ಲಿ, ನಾಲ್ಕು ಸಲ ಉಜ್ಜಿದರೆ ಸಿಗುವಷ್ಟು ಮೇಲೆಯೇ ಇಟ್ಟಳು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಆದರೆ ಅಷ್ಟು ದೊಡ್ಡ ತಪ್ಪಿಗೆ ಸಾದಾ ಸಾಬೂನು ಕಳಿಸುವುದು ಹೇಗೆ? ಗರಿಗೆ ಅರಿಸಿನದ ಬಣ್ಣ ಕೂಡಿಸಿದಳು. ಸೂಜಿ ಹಿಡಿದು ಗರಿಗರಿಗೂ ಕಣ್ಣು ಬಿಡಿಸಿದಳು. ಗುಲಾಬಿ ಎಸಳು ಒತ್ತಿದಳು. ಕ್ಷಾರದ ಉರಿ ಇಳಿದು ಹದಕ್ಕೆ ಬರಲೆಂದು ನಲವತ್ತು ದಿನ ನೆರಳಿನಲ್ಲಿಟ್ಟಳು. ಅಂಥ ನವಿಲನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಬಳೆಗಾರನ ಕೈಯಲ್ಲಿ ಕೊಟ್ಟು ಕಳಿಸಿದಳು. ಅವನು ಮರಳಿ ಬಂದು, “ಕೊಟ್ಟ ಬಂದೆ ಯವ್ವಾ. ಎದಿಗೆ ಒತ್ತಿಕೊಂಡ್ಲು” ಎಂದ.

ಹಬ್ಬ ಬಂತು, ಹೋಯಿತು. ತಂಗಿ ಬರಲಿಲ್ಲ. ಮೂಗುತಿ ಕೈಗೆ ಸಿಕ್ಕರೂ ಅವಳ ಸಿಟ್ಟು ಇಳಿಯಲಿಲ್ಲವಲ್ಲ ಎಂದು ಅಕ್ಕ ಅತ್ತಳು. ಎರಡನೆಯ ವರ್ಷ ಅವಳಿಗೇ ಸಿಟ್ಟು ಬಂತು. ತಪ್ಪು ಮಾಡಿದವಳೇ ಮುನಿದು ಕೂತಳು. ಇದೂ ಲೋಕದಲ್ಲಿ ಉಂಟು. ಹೀಗೆ ಐದು ದೀಪಾವಳಿ ಕಳೆದವು. ಆರನೆಯದಕ್ಕೆ ಇನ್ನೂ ಒಂದು ವಾರವಿರುವಾಗ, ತಂಗಿ ತೀರಿಕೊಂಡಳೆಂದು ಸುದ್ದಿ ಬಂತು.

ಬಾವಿಕಟ್ಟೆ ದಾಟಲಾರದ ಅಕ್ಕ ಈಗ ಬರಿಗಾಲಲ್ಲಿ ಓಡಿದಳು. ಅಲ್ಲಿ ಹೆಂಗಸರು ಕೊನೆಯ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಅವಳನ್ನು ನೋಡಿದ ತಂಗಿಯ ಮಗಳು ಒಳಗೆ ಹೋಗಿ ಕಪಾಟಿನಿಂದ ಒಂದು ರೇಷ್ಮೆಯ ಗಂಟು ತಂದು ಬಿಚ್ಚಿದಳು. ನವಿಲು ಇದ್ದ ಹಾಗೆಯೇ ಇತ್ತು. ಒಂದು ಗರಿಯೂ ಸವೆದಿರಲಿಲ್ಲ.

“ಪ್ರತಿ ಹಬ್ಬಕ್ಕ ತಗದು ನೋಡಿ ಮತ್ತ ಒಳಗ ಇಡ್ತಿದ್ಲು, ದೊಡ್ಡವ್ವಾ” ಎಂದಳು ಆ ಹುಡುಗಿ. “ನಮ್ಮಕ್ಕ ಬಂದು, ನೀ ಕಳ್ಳಿ ಅಲ್ಲ ಅಂತ ಒಂದ ಮಾತು ಅಂದ್ರ, ಅವತ್ತ ಇದನ್ನ ಹಚ್ಚಿ ಎರಕೋತೀನಿ ಅಂತಿದ್ಲು. ನೀ ಈಗ ಬಂದಿ.”

ಅಕ್ಕ ನವಿಲನ್ನು ನೀರಿಗೆ ಅದ್ದಿ, ತಾನೇ ತಂಗಿಯ ಮೈಗೆ ಹಚ್ಚತೊಡಗಿದಳು. ಮೊದಲು ಗುಲಾಬಿ ಎಸಳು ಹೋಯಿತು. ಆಮೇಲೆ ಗರಿಗಳ ಕಣ್ಣು ಹೋದವು. ನಾಲ್ಕನೆಯ ಸಲ ಉಜ್ಜುವಾಗ ಹರಳು ಅವಳ ಅಂಗೈಗೇ ಒತ್ತಿತು. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ನನ್ನ ತಂಗಿ ಕಳ್ಳಿ ಅಲ್ಲ! ನೋಡ್ರೆವ್ವಾ, ಕಳ್ಳಿ ಅಲ್ಲ!” ಎಂದು ಕೂಗಿದಳು. ಐದು ವರ್ಷ ಏಳದಿದ್ದ ನಾಲಿಗೆ ಈಗ ನಿಲ್ಲಲೇ ಇಲ್ಲ. ಓಣಿಯೆಲ್ಲ ಕೇಳಿತು. ಕೇಳಬೇಕಾದವಳ ಕಿವಿಯಲ್ಲಿ ನೊರೆ ತುಂಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಕೊಡಲಿ ಹಿಡಿದು ಬೊಬ್ಬೆಗಳೆದ್ದಿದ್ದವು.

“ಒಂದು ದಿನವೂ ತಪ್ಪದೆ ಸೌದೆ ಒಡೆದಿದ್ದೇನೆ ಗುರುಗಳೇ. ನಿಂಗಜ್ಜನಿಗೆ ಅರ್ಥವಾಗಿರಲಿಕ್ಕಿಲ್ಲವೇ?”

ಗುರುಗಳು ಅಡುಗೆಮನೆಯ ಕಡೆ ಕಿವಿಗೊಟ್ಟರು.

“ನಿಂಗಜ್ಜ ರೊಟ್ಟಿ ಬಡಿಯುವ ಸದ್ದು ಇನ್ನೂ ಕೇಳಿಸುತ್ತಿದೆಯಲ್ಲ, ಗುರುಪಾದ. ಕೇಳಬೇಕಾದವನ ಕಿವಿ ಇನ್ನೂ ತೆರೆದಿದೆ” ಎಂದರು.