ಬೇರೆ ಪಾತ್ರೆಯ ಸಾರು

ಒಂದು ಮಠದಲ್ಲಿ ವ್ಯಾಸಾಚಾರ್ಯರೆಂಬ ಅಡಿಗೆಯವರಿದ್ದರು. ಅಲ್ಲಿ ನೈವೇದ್ಯವಾಗುವ ಮೊದಲು ಯಾರೂ ಅಡಿಗೆಯ ರುಚಿ ನೋಡುವ ಹಾಗಿಲ್ಲ. ಪಾತ್ರೆಯಿಂದ ಒಂದು ಸೌಟು ಎತ್ತಿಡುವ ಹಾಗೂ ಇಲ್ಲ. ಇನ್ನೂರು ಜನರ ಸಾರಿಗೆ ಆಚಾರ್ಯರು ಕೈಯಂದಾಜಿನಲ್ಲೇ ಉಪ್ಪು ಹಾಕುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅದು ತಪ್ಪಿದ್ದಿಲ್ಲ. ಉಂಡವರು ಹೊಗಳಿ ಹೊಗಳಿ, ಅವರಿಗೆ ಅದೇ ದೊಡ್ಡ ಮರ್ಯಾದೆಯಾಗಿಬಿಟ್ಟಿತ್ತು.

ಮಠದ ಪಾಠಶಾಲೆಯ ತಿರುಮಲ ಮೇಷ್ಟ್ರು ಎರಡು ಹೊತ್ತೂ ಅಲ್ಲೇ ಉಣ್ಣುವವರು. ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು:

"ಆಚಾರ್ರೇ, ನನಗೆ ಬಿ.ಪಿ. ಏರಿದೆಯಂತೆ. ಉಪ್ಪು ಇಳಿಸದಿದ್ದರೆ ಇವತ್ತಲ್ಲ ನಾಳೆ ಮೆದುಳಿಗೋ ಮೂತ್ರಪಿಂಡಕ್ಕೋ ಏಟು ಬೀಳುತ್ತೆ ಅಂದ್ರು ಡಾಕ್ಟರು."

"ಅದಕ್ಕೇನಂತೆ? ನಿಮಗೆ ಚಿಕ್ಕ ಪಾತ್ರೆಯಲ್ಲಿ ಬೇರೆ ಮಾಡ್ತೀನಿ. ನೀವು ನಿಶ್ಚಿಂತೆಯಾಗಿ ಬನ್ನಿ."

ಮೊದಲ ದಿನ ಹಾಗೇ ಮಾಡಿದರು. ಪಕ್ಕದ ಎಲೆಯಲ್ಲಿ ಕೂತಿದ್ದ, ಮಠದ ಆಡಳಿತ ನೋಡಿಕೊಳ್ಳುವ ಪಾರುಪತ್ಯಗಾರರು, "ನನಗೂ ಒಂದಿಷ್ಟು ಹಾಕಿ, ನೋಡೋಣ" ಎಂದು ಬಡಿಸಿಕೊಂಡರು. ಉಂಡು, ಪಂಕ್ತಿಗೆಲ್ಲ ಕೇಳುವಂತೆ, "ಇದು ಸಾರೋ, ಕೈ ತೊಳೆದ ನೀರೋ?" ಎಂದರು. ಎಲ್ಲರೂ ನಕ್ಕರು. ಆಚಾರ್ಯರ ಮುಖ ಸಣ್ಣದಾಯಿತು.

ಮರುದಿನದಿಂದ ಅವರು ಎಲ್ಲರ ಸಾರನ್ನೇ ಚಿಕ್ಕ ಪಾತ್ರೆಗೆ ಬಗ್ಗಿಸಿ ತಂದು ಬಡಿಸಿದರು. ಒಂದು ಚಿಟಿಕೆ ಉಪ್ಪಿನಿಂದ ಏನಾದೀತು ಎಂದು ತಮಗೆ ತಾವೇ ಹೇಳಿಕೊಂಡರು.

"ಇವತ್ತು ರುಚಿಯಾಗಿದೆ. ಉಪ್ಪಿಲ್ಲದೆ ಹೇಗೆ ಮಾಡಿದಿರಿ?" ಎಂದು ಮೇಷ್ಟ್ರು ಕೇಳಿದರು.

"ಕೈಗುಣ" ಎಂದರು ಆಚಾರ್ಯರು.

ದಿನಗಳು ಹೋದವು. ಮೇಷ್ಟ್ರು ಎಂದಿನಂತೆ ಬಂದು ಉಂಡು ಹೋಗುತ್ತಿದ್ದರು. ಏನೂ ಆಗಲಿಲ್ಲವಲ್ಲ ಎಂದು ಆಚಾರ್ಯರ ಅಳುಕೂ ಹೋಯಿತು. ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಪಾಠ ಹೇಳುತ್ತಿದ್ದ ಹಾಗೇ ಮೇಷ್ಟ್ರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು.

ಆಚಾರ್ಯರು ಆಸ್ಪತ್ರೆಗೆ ಹೋದರು. ಹಾಸಿಗೆಯ ಪಕ್ಕದಲ್ಲಿದ್ದ ಮೇಷ್ಟ್ರ ಅಕ್ಕ ವೇಣೂಬಾಯಿ ಎದ್ದು ಕೈ ಮುಗಿದರು.

"ನೀವು ಬೇರೆ ಮಾಡಿ ಹಾಕಿದ್ದಕ್ಕೆ ಜೀವ ಉಳೀತು ಅಂತಾನೆ ಇವನು. ಉಪ್ಪು ಬಿಟ್ಟರೂ ಬಿ.ಪಿ. ಯಾಕೆ ಇಳೀಲಿಲ್ಲ ಅಂತ ಡಾಕ್ಟರಿಗೇ ತಿಳೀತಿಲ್ಲ. ಎರಡು ಸಲ ಮಾತ್ರೆ ಏರಿಸಿದ್ದರು. ಈಗ ಇನ್ನೂ ಏರಿಸ್ತಾರಂತೆ."

ಆಚಾರ್ಯರಿಗೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಆದರೆ ತಾವು ಸುಮ್ಮನಿದ್ದಷ್ಟು ದಿನವೂ ಡಾಕ್ಟರು ಸುಳ್ಳನ್ನು ನಂಬಿ ಔಷಧ ಕೊಡುತ್ತಾರೆ.

"ಕೈ ಮುಗೀಬೇಡಿ ತಾಯಿ" ಎಂದರು. ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು.

ವೇಣೂಬಾಯಿಯ ಕೈಗಳು ಕೆಳಗಿಳಿದವು. ಆಕೆ ಮುಖ ತಿರುಗಿಸಿ ತಮ್ಮನ ಹೊದಿಕೆಯನ್ನು ಸರಿಮಾಡತೊಡಗಿದರು.

ಮೇಷ್ಟ್ರು ತೊದಲುತ್ತಾ ಮಾತಾಡಿದರು.

"ಉಪ್ಪಿದೆ ಅಂತ ನನ್ನ ನಾಲಿಗೆಗೆ ಗೊತ್ತಾಗ್ತಿತ್ತು ಆಚಾರ್ರೇ. ಆ ರುಚಿ ಬಿಡೋಕೆ ಮನಸ್ಸಾಗಲಿಲ್ಲ. ನಿಮ್ಮ ಮಾತಿನ ಮೇಲೆ ಭಾರ ಹಾಕಿ ಉಂಡೆ."

ಆ ಮಾತಿನಿಂದ ಆಚಾರ್ಯರಿಗೆ ಸಮಾಧಾನವಾಗಲಿಲ್ಲ, ನಾಚಿಕೆಯೇ ಹೆಚ್ಚಾಯಿತು. ಮೇಷ್ಟ್ರು ತಮಗಾಗಿ ತಪ್ಪು ಹೊತ್ತುಕೊಳ್ಳುತ್ತಿದ್ದಾರೋ, ನಿಜವನ್ನೇ ಹೇಳುತ್ತಿದ್ದಾರೋ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಹೊರಗೆ ಬಂದು, ಡಾಕ್ಟರ ಕೋಣೆಯ ಮುಂದಿನ ಸಾಲಿನಲ್ಲಿ ಕೊನೆಯವರಾಗಿ ನಿಂತರು. ಸರದಿ ಬಂದಾಗ ಡಾಕ್ಟರು ತಲೆಯೆತ್ತದೆ, "ಏನು ತೊಂದರೆ?" ಎಂದರು.

"ತೊಂದರೆ ನನಗಲ್ಲ. ನಾನು ಕೊಟ್ಟದ್ದು" ಎಂದರು ಆಚಾರ್ಯರು.

ನೀತಿ: ಹೆಚ್ಚಾದ ಉಪ್ಪು ಉಂಡ ದಿನವೇ ನೋಯಿಸುವುದಿಲ್ಲ, ಅದಕ್ಕೇ ನಾವು ಅದನ್ನು ಲಘುವಾಗಿ ಕಾಣುತ್ತೇವೆ. ರುಚಿಯ ಹೊಗಳಿಕೆಗಾಗಿ ಇನ್ನೊಬ್ಬರ ಪಥ್ಯ ಕೆಡಿಸಬಾರದು. ಕೆಡಿಸಿದ್ದರೆ, ನಾಚಿಕೆಯಾದರೂ ಸರಿ, ಬಾಯಿಬಿಟ್ಟು ಹೇಳಬೇಕು.