ಡ್ರಮ್ಮಿನ ಮೇಲಿನ ಹಂಡೆ

ಕೊಬ್ಬರಿ ಮಂಡಿಗಳ ಊರೊಂದರಲ್ಲಿ ಗಿರಿಯಪ್ಪ ಎಂಬ ಇಸ್ತ್ರಿಯವನಿದ್ದ. ಅವನು ಮಡಿಸಿಕೊಟ್ಟ ಪಂಚೆಯನ್ನು ಉಡುವುದಕ್ಕೇ ಮನಸ್ಸು ಬಾರದು, ಹಾಗೇ ಬೀರುವಿನಲ್ಲಿಟ್ಟು ನೋಡೋಣ ಅನ್ನಿಸುತ್ತಿತ್ತು. ತಾಳ್ಮೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ದೇವರು ಅವನಿಗೆ ಕೊಟ್ಟಿದ್ದ. ಇಡ್ಲಿ ಬೇಯುವುದರೊಳಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವ ಆಸಾಮಿ.

ಅವನ ಇಸ್ತ್ರಿಪೆಟ್ಟಿಗೆಗೆ ಬೇಕಾದ ಇದ್ದಿಲನ್ನು ಹೆಂಡತಿ ಪುಟ್ಟಗಂಗಮ್ಮ ಹಿತ್ತಲಲ್ಲೇ ಮಾಡುತ್ತಿದ್ದಳು. ಖರ್ಚೇನೂ ಇಲ್ಲ ನೋಡಿ. ಮಂಡಿಯವರು ಬಿಸಾಡುವ ತೆಂಗಿನ ಚಿಪ್ಪು, ಒಂದು ಹಳೇ ಡ್ರಮ್ಮು, ಒಂದಿಷ್ಟು ಕೆಸರು, ಅಷ್ಟೇ. ಚಿಪ್ಪಿಗೆ ಬೆಂಕಿ ಹಾಕಬೇಕು. ದಟ್ಟವಾದ ಬಿಳಿ ಹೊಗೆ ತೆಳ್ಳಗಾಗುತ್ತಲೇ ಮುಚ್ಚಳ ಹಾಕಿ, ಸಂದಿಗೆಲ್ಲ ಕೆಸರು ಮೆತ್ತಬೇಕು. ಆಮೇಲೆ? ಆಮೇಲೆ ಏನೂ ಮಾಡಬಾರದು. ಡ್ರಮ್ಮು ಪೂರ್ತಿ ತಣ್ಣಗಾಗುವ ತನಕ ಸುಮ್ಮನಿರಬೇಕು. ಕಷ್ಟವಿರುವುದೇ ಅಲ್ಲಿ. ಗಾಳಿಯೆಂದರೆ ಬೆಂಕಿಗೆ ಊಟ. ಬಿಸಿಯಿರುವಾಗ ಒಂದು ತುತ್ತು ಸಿಕ್ಕರೂ ಇದ್ದಿಲೆಲ್ಲ ಬೂದಿ.

ಒಮ್ಮೆ ಪುಟ್ಟಗಂಗಮ್ಮ ತಂಗಿಯ ಮಗುವಿನ ತೊಟ್ಟಿಲಶಾಸ್ತ್ರಕ್ಕೆಂದು ತವರಿಗೆ ಹೋದಳು. ಅದೇ ಹೊತ್ತಿಗೆ ಮದುವೆ ಛತ್ರದಿಂದ ಗಂಡಿನ ಕಡೆಯವರ ಬಟ್ಟೆಯ ಗಂಟು ಬಂತು. ಮನೆಯಲ್ಲಿ ಇದ್ದಿಲು ಮುಗಿದಿತ್ತು. ಗಿರಿಯಪ್ಪ ತಾನೇ ಡ್ರಮ್ಮು ಹಚ್ಚಿದ, ಮುಚ್ಚಿದ, ಮತ್ತೆ ತೆಗೆದು ಇಣುಕಿದ. ಬೂದಿಯಾಯಿತು. ಇನ್ನೊಂದು ಮೂಟೆ ಸುಟ್ಟ. ಅದೂ ಬೂದಿ.

ಹೆಂಡತಿ ಬಂದು ಇದ್ದಿಲೆಲ್ಲಿ ಎಂದು ಕೇಳಿದಳು.

"ಪಾತ್ರೆ ತಿಕ್ಕೋಕೆ ಆಯ್ತದೆ ಬಿಡು" ಎಂದ, ಬೂದಿ ತೋರಿಸಿ.

"ಛತ್ರದ ಪಾತ್ರೆಯೆಲ್ಲ ತಿಕ್ಕಬೋದು" ಎಂದಳು ಅವಳು.

ಉಳಿದದ್ದು ಒಂದೇ ಮೂಟೆ ಚಿಪ್ಪು. ಮಾರನೆಯ ಸಂಜೆ ವರಪೂಜೆ. ಅಷ್ಟರೊಳಗೆ ಬಟ್ಟೆ ಕೈಸೇರದಿದ್ದರೆ ಛತ್ರದವರು ಇನ್ನು ಇವನ ಬಾಗಿಲು ತುಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪುಟ್ಟಗಂಗಮ್ಮ ಚಿಪ್ಪು ಹಚ್ಚಿ, ಹೊಗೆ ನೋಡಿ, ಮುಚ್ಚಿ ಕೆಸರು ಮೆತ್ತಿದಳು. ಕೈ ತೊಳೆಯುವಷ್ಟರಲ್ಲಿ ಗಿರಿಯಪ್ಪ ಡ್ರಮ್ಮಿನ ಪ್ರದಕ್ಷಿಣೆ ಶುರುಮಾಡಿದ್ದ.

"ಒಳಗೆ ಬೆಂಕಿ ಆರೋಗಿದ್ರೆ? ಒಂಚೂರು ಎತ್ತಿ ನೋಡ್ತೀನಿ ಕಣೆ."

"ಬೇಯೋ ತನಕ ಇದ್ದೋರಿಗೆ ಆರೋ ತನಕ ಇರಕ್ಕಾಗಲ್ವಾ?" ಎಂದಳು. ಆದರೆ ಗಾದೆಗೆ ಬಗ್ಗುವ ಗಂಡನಲ್ಲವೆಂದು ಅವಳಿಗೆ ತಿಳಿದಿತ್ತು. ನೀರೊಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ತಂದು ಡ್ರಮ್ಮಿನ ಮುಚ್ಚಳದ ಮೇಲಿಟ್ಟಳು; ತುಂಬ ನೀರು ಹೊಯ್ದಳು. "ಕೂತ್ಕಳಿ, ಇವತ್ತು ಎಣ್ಣೆನೀರು ಹಾಕ್ತೀನಿ."

ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಅಷ್ಟರಲ್ಲಿ ಡ್ರಮ್ಮಿನ ಕಾವಿಗೇ ಹಂಡೆಯ ನೀರು ಕಾದಿತ್ತು. ತಲೆಗೂ ಮೈಗೂ ಸೀಗೆಪುಡಿ ತಿಕ್ಕಿ, ಬಿಸಿನೀರು ಹೊಯ್ದು, ಮೆಣಸಿನ ಸಾರನ್ನ ಬಡಿಸಿದಳು. ಎಣ್ಣೆನೀರು ಹೊಯ್ದುಕೊಂಡು, ಉಂಡು, ನಿದ್ದೆ ಮಾಡದವರುಂಟೇ? ಚಾಪೆ ಕಂಡಲ್ಲೇ ಗಿರಿಯಪ್ಪ ಉರುಳಿದ. ಅವಳು ಹಂಡೆಗೆ ಮತ್ತೆ ತಣ್ಣೀರು ತುಂಬಿದಳು, ಎದ್ದರೂ ಎತ್ತಲಾಗದಂತೆ.

ಅವನು ಎದ್ದದ್ದು ಕೋಳಿ ಕೂಗಿದ ಮೇಲೆ. ಹಿತ್ತಲಿಗೆ ಓಡಿದ. ಡ್ರಮ್ಮು ಮುಟ್ಟಿದರೆ ತಣ್ಣಗಿತ್ತು. ಇಬ್ಬರೂ ಸೇರಿ ಹಂಡೆ ಇಳಿಸಿ, ಮುಚ್ಚಳ ತೆಗೆದರು. ಚಿಪ್ಪು ಚಿಪ್ಪಿನಂತೆಯೇ ಇತ್ತು, ಕಪ್ಪಗೆ ಮಿರಮಿರನೆ. ಒಂದನ್ನು ಕಲ್ಲಿಗೆ ತಟ್ಟಿದರೆ ಠಣ್ ಎಂದಿತು.

ವರಪೂಜೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಹೋಗಿ ಬಟ್ಟೆಯನ್ನು ಛತ್ರಕ್ಕೆ ಮುಟ್ಟಿಸಿದರು. ಇಸ್ತ್ರಿ ಯಾರದಪ್ಪಾ ಎಂದು ಬೀಗರು ಬೆರಗಾದರು.

"ಇಸ್ತ್ರಿ ನಂದೇ. ಇದ್ದಿಲೂ ನಂದೇ" ಎಂದ ಗಿರಿಯಪ್ಪ, ಎದೆಯುಬ್ಬಿಸಿ.

"ಹೌದೇಳಿ" ಎಂದಳು ಪುಟ್ಟಗಂಗಮ್ಮ. "ನಿದ್ದೆ ಮಾಡ್ಕಂಡೇ ಮಾಡಿದ್ರು."

ನೀತಿ: ಮಾಡುವುದು ಅರ್ಧ ಕೆಲಸ, ಮಾಡಿದ ಮೇಲೆ ಕೈ ಹಚ್ಚದೆ ಇರುವುದು ಇನ್ನರ್ಧ. ಆರುವ ಮುನ್ನ ಇಣುಕಿದವನಿಗೆ ಬೂದಿಯೇ ಗತಿ. ಕಾಯಲಾರದವರು ನಿಮ್ಮ ಮನೆಯಲ್ಲೂ ಇದ್ದರೆ ಬೈಯಬೇಡಿ, ತಲೆಗೆ ಎಣ್ಣೆ ತಟ್ಟಿ.