ಎರಡಾಗಿ ಕೇಳಿದ ಚಪ್ಪಾಳೆ

ಬನ್ನಿ, ಕಾಲು ಮಡಿಸಿ ಕೂತುಕೊಳ್ಳಿ. ಕಿವಿ ಇತ್ತ ಇರಲಿ, ಬಾಯಿಗೆ ಸ್ವಲ್ಪ ಬಿಡುವು ಕೊಡಿ. ಹೇಳುತ್ತೇನೆ.

ಒಂದು ಮಠದಲ್ಲಿ ಒಬ್ಬ ಶಿಷ್ಯನಿದ್ದ. ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಒಂದು ಉಸಿರು ಮುಂದೆ ಹೋಗುವುದು ಅವನ ರೂಢಿ. ಇವನಿದ್ದರೆ ನಾವು ಹಾಡುವುದಿಲ್ಲ ಎಂದು ಜೊತೆಯವರು ಹಟ ಹಿಡಿದರು. ಅವನು ಗುರುಗಳ ಬಳಿಗೆ ಬಂದ.

"ಗುರುಗಳೇ, ನಾನು ಹೇಳುವುದೂ ಅದೇ ಮಾತು, ಅವರು ಹೇಳುವುದೂ ಅದೇ ಮಾತು. ಒಂದಿಷ್ಟು ಹಿಂದುಮುಂದಾದರೆ ಕೇಳುವವರಿಗೆ ಏನು ಕೆಟ್ಟೀತು?"

ಗುರುಗಳು ಕತೆ ಹೇಳಿದರು.

ಅಣ್ಣ ತಮ್ಮ ಇಬ್ಬರು ಮೈಕ್‌ಸೆಟ್ ಇಟ್ಟುಕೊಂಡಿದ್ದರು. ಅಣ್ಣನದು ಹಾರ್ನು, ತಮ್ಮನದು ಸ್ಪೀಕರ್ ಪೆಟ್ಟಿಗೆ. ಹಾರ್ನಿನಲ್ಲಿ ತಾಳದ ಕಿಣಿಕಿಣಿ ಚೆನ್ನ, ಪೆಟ್ಟಿಗೆಯಲ್ಲಿ ಮೃದಂಗದ ಗುಮ್ಮೆನ್ನುವ ನಾದ ಚೆನ್ನ. ಎರಡೂ ಸೇರಿದರೆ ಬಯಲು ತುಂಬುತ್ತಿತ್ತು. ಊರು ಕೇಳುವುದು ಯಾರ ದನಿಯನ್ನು ಎಂದು ಒಮ್ಮೆ ಇಬ್ಬರಿಗೂ ಜಗಳ ಹತ್ತಿತು. ಹರಿಕತೆಯ ದಿನ ಅಣ್ಣ, "ಇವತ್ತು ಗೊತ್ತಾಗಲಿ ಬಿಡೋ. ನಾಳೆಯಿಂದ ನಿನ್ನ ಒಲೆ ನಿಂಗೆ, ನನ್ನ ಒಲೆ ನಂಗೆ" ಎಂದ. ಪೆಟ್ಟಿಗೆ ವೇದಿಕೆಯ ಬಳಿ ಇತ್ತು. ಅದನ್ನು ಅಲ್ಲೇ ಬಿಟ್ಟು, ತನ್ನ ಹಾರ್ನನ್ನು ಬಿದಿರಿಗೆ ಕಟ್ಟಿ, ಬಯಲಿನ ನಡುವೆ ಒಯ್ದು ನೆಟ್ಟ.

ದಾಸರು ಕತೆ ಶುರುಮಾಡಿದರು. ಹಿಂದೆ ಕೂತವರಿಗೆ ಹಾರ್ನಿನ ದನಿ ಮೊದಲು ಬಂತು. ದೂರದ ಪೆಟ್ಟಿಗೆಯ ದನಿ ತಡವಾಗಿ ಬಂದು ಅದರ ಬೆನ್ನ ಮೇಲೆ ಬಿತ್ತು. ಏನೂ ತಿಳಿಯುತ್ತಿಲ್ಲ ಎಂದು ಜನ ಗೊಣಗಿದರು. ಅಣ್ಣ ದನಿ ಏರಿಸಿದ. ತಮ್ಮ ಇನ್ನೂ ಏರಿಸಿದ. ಕೊನೆಯ ಸಾಲಿನ ಮುದುಕಿಯೊಬ್ಬಳು ಚಾಪೆ ಸುತ್ತಿಕೊಂಡು ಎದ್ದಳು.

"ಯಾಕಮ್ಮಾ ಹೊರಟೆ?" ಎಂದರು ದಾಸರು.

"ಒಂದೊಂದು ಮಾತೂ ಎರಡೆರಡು ಸಲ ಹೇಳ್ತೀಯಲ್ಲಪ್ಪಾ, ಒಂದು ಸಲವಾದರೂ ತಿಳಿಯೋ ಹಾಗೆ ಹೇಳಬಾರದಾ?"

ದಾಸರು ಅಣ್ಣನನ್ನು ಕರೆದು, ಆಕೆಯ ಜಾಗದಲ್ಲಿ ಕೂತು ಕೇಳು ಎಂದರು. ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಿದರು. ಅಣ್ಣನಿಗೆ ಎರಡು ಕೇಳಿಸಿತು. ತಮ್ಮನನ್ನು ಬಯ್ಯಲು ಬಾಯಿ ತೆರೆದ. ತಮ್ಮನ ಪೆಟ್ಟಿಗೆ ಇದ್ದ ಜಾಗದಿಂದ ಕದಲಿರಲಿಲ್ಲ. ಅಣ್ಣ ಬಾಯಿ ಮುಚ್ಚಿದ. ಎದ್ದು ಹೋಗಿ ಬಿದಿರನ್ನು ಕಿತ್ತು, ಹೊತ್ತು ತಂದು, ಪೆಟ್ಟಿಗೆಯ ಪಕ್ಕದಲ್ಲಿ ನೆಟ್ಟ. ತಮ್ಮ ಅದರ ಬುಡಕ್ಕೆ ಕಲ್ಲು ಕೊಟ್ಟ. ದಾಸರು ಮತ್ತೆ ಚಪ್ಪಾಳೆ ತಟ್ಟಿದರು. ಮುದುಕಿ ಚಾಪೆ ಬಿಚ್ಚಿದಳು.

ಗುರುಗಳು ಶಿಷ್ಯನ ಮುಖ ನೋಡಿ ಹೇಳಿದರು: "ಆ ಹಾರ್ನು ಒಂದಕ್ಷರವನ್ನೂ ತಪ್ಪು ನುಡಿದಿರಲಿಲ್ಲ ಮಗು, ಮುಂದೆ ನಿಂತಿತ್ತು, ಅಷ್ಟೇ."



ಆಮೇಲೆ ಅವರೆಲ್ಲ ಏನಾದರು ಅನ್ನುತ್ತೀರಾ? ಅಣ್ಣತಮ್ಮಂದಿರ ಒಲೆ ಬೇರೆಯಾಗಲಿಲ್ಲ. ಜಗಳ ನಿಂತಿತು ಅಂದುಕೊಳ್ಳಬೇಡಿ, ಅದು ಇದ್ದೇ ಇತ್ತು. ಆದರೆ ಎಲ್ಲಿ ಮೈಕು ಕಟ್ಟಿದರೂ ಅಣ್ಣ ಮೊದಲು ಹೋಗಿ ಕೊನೆಯ ಸಾಲಿನಲ್ಲಿ ಕೂತು ಕೇಳುತ್ತಿದ್ದ. ದಾಸರು ದನಿ ಸೋಲುವ ತನಕ ಕತೆ ಮಾಡಿದರು. ಮುದುಕಿ ಅವತ್ತು ಅರ್ಧ ಕತೆಗೇ ಚಾಪೆಯ ಮೇಲೆ ಸುಖವಾಗಿ ನಿದ್ದೆಹೋದಳಂತೆ. ಶಿಷ್ಯ ಮರುದಿನ ಸಂಜೆ ಪ್ರಾರ್ಥನೆಗೆ ಹೋದ. ಪಕ್ಕದವನು ಉಸಿರು ಎಳೆದುಕೊಳ್ಳುವ ತನಕ ಕಾದು, ಆಮೇಲೆ ಬಾಯಿ ತೆರೆದ.